ಕನಿಷ್ಠ ಮೇಲ್ಮೈ

ಕನಿಷ್ಠ ಮೇಲ್ಮೈ ಎಂಬುದು ಅವಕಲ ಜ್ಯಾಮಿತಿಯಲ್ಲಿ, ಅಂದರೆ ಕಲನಶಾಸ್ತ್ರದ ನೆರವಿನಿಂದ ವಕ್ರ ಆಕೃತಿಗಳನ್ನು ಅಭ್ಯಸಿಸುವ ಗಣಿತದ ಶಾಖೆಯಲ್ಲಿ, ವಿವೇಚಿಸಲಾಗುವ ಒಂದು ಬಗೆಯ ಮೇಲ್ಮೈ. ತನ್ನ ಪ್ರತಿಯೊಂದು ಬಿಂದುವಿನಲ್ಲಿಯೂ ಸರಾಸರಿ ವಕ್ರತೆ ಸೊನ್ನೆಯಾಗಿರುವ ಮೇಲ್ಮೈಯನ್ನು ಕನಿಷ್ಠ ಮೇಲ್ಮೈ ಎಂದು ಕರೆಯುತ್ತಾರೆ. ತಂತಿಯ ಚೌಕಟ್ಟನ್ನು ಸಾಬೂನು ನೀರಿನಲ್ಲಿ ಅದ್ದಿ ತೆಗೆದಾಗ ಅದರ ನಡುವೆ ನಿಲ್ಲುವ ತೆಳುಪೊರೆ ಇದರ ಅತ್ಯಂತ ಪರಿಚಿತ ಉದಾಹರಣೆ. ಹದಿನೆಂಟನೆಯ ಶತಮಾನದಲ್ಲಿ ಆರಂಭವಾದ ಈ ಅಧ್ಯಯನ ಇಂದಿಗೂ ಸಕ್ರಿಯವಾಗಿದ್ದು, ಬೆಂಗಳೂರಿನಲ್ಲಿ ನಡೆದ ಸಂಶೋಧನೆಯು ಇದನ್ನು ಶ್ರೀನಿವಾಸ ರಾಮಾನುಜನ್ ಅವರ ಸೂತ್ರಗಳೊಂದಿಗೆ ಜೋಡಿಸಿದೆ. ಈ ವಿಷಯದ ಚಿತ್ರಗಳು, ಉಪನ್ಯಾಸಗಳು ಹಾಗೂ ಸಂಶೋಧನಾ ಲೇಖನಗಳಲ್ಲಿ ಹಲವು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ.

ವಕ್ರತೆಯ ಪರಿಕಲ್ಪನೆ

ಮೇಲ್ಮೈಯ ಒಂದು ಬಿಂದುವಿನಲ್ಲಿ ನಿಂತು ಬೇರೆ ಬೇರೆ ದಿಕ್ಕುಗಳಲ್ಲಿ ನೋಡಿದರೆ ಅದು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿರುವುದು ಕಾಣುತ್ತದೆ. ಇವುಗಳಲ್ಲಿ ಅತಿ ಹೆಚ್ಚಿನ ಹಾಗೂ ಅತಿ ಕಡಿಮೆಯ ಬಾಗುವಿಕೆಗಳನ್ನು ಆ ಬಿಂದುವಿನ ಪ್ರಧಾನ ವಕ್ರತೆಗಳು ಎನ್ನುತ್ತಾರೆ. ಒಂದು ಬದಿಗೆ ಬಾಗಿದರೆ ಧನ, ಎದುರು ಬದಿಗೆ ಬಾಗಿದರೆ ಋಣ ಎಂದು ಎಣಿಸುವುದು ರೂಢಿ. ಎರಡು ಪ್ರಧಾನ ವಕ್ರತೆಗಳ ಸರಾಸರಿಯೇ ಸರಾಸರಿ ವಕ್ರತೆ.

ತುಮಕೂರು ಜಿಲ್ಲೆಯ ಕೆಲವು ಪರಿಚಿತ ಆಕೃತಿಗಳಿಂದ ಇದನ್ನು ವಿವರಿಸಬಹುದು. ಮಧುಗಿರಿಯ ಏಕಶಿಲಾ ಬೆಟ್ಟದ ನುಣುಪಾದ ನೆತ್ತಿಯೂ ಶಿರಾದ ಮಲಿಕ್ ರಿಹಾನ್ ಗೋರಿಯ ಗುಮ್ಮಟವೂ ಎಲ್ಲ ದಿಕ್ಕುಗಳಲ್ಲಿ ಕೆಳಮುಖವಾಗಿಯೇ ಬಾಗಿವೆ. ಅಲ್ಲಿ ಎರಡೂ ವಕ್ರತೆಗಳ ಚಿಹ್ನೆ ಒಂದೇ ಆಗಿರುವುದರಿಂದ ಅವುಗಳ ಸರಾಸರಿ ಸೊನ್ನೆಯಾಗಲಾರದು. ಆದ್ದರಿಂದ ಅವು ಕನಿಷ್ಠ ಮೇಲ್ಮೈಗಳಲ್ಲ. ಕೊರಟಗೆರೆ ತಾಲ್ಲೂಕಿನ ಬೆಟ್ಟಸಾಲಿನಲ್ಲಿ ಎರಡು ಶಿಖರಗಳ ನಡುವಣ ತಗ್ಗು ಇದಕ್ಕೆ ಭಿನ್ನವಾದುದು. ಶಿಖರದಿಂದ ಶಿಖರದ ಕಡೆಗೆ ನೋಡಿದರೆ ನೆಲ ಎರಡೂ ಬದಿಗೆ ಮೇಲೇರುತ್ತದೆ. ಅಡ್ಡಲಾಗಿ ನೋಡಿದರೆ ಎರಡೂ ಬದಿಗೆ ಇಳಿಯುತ್ತದೆ. ಕುದುರೆಯ ಜೀನಿನಂತಿರುವ ಇಂತಹ ಬಿಂದುವಿನಲ್ಲಿ ಏರಿಕೆಯ ಬಾಗು ಮತ್ತು ಇಳಿತದ ಬಾಗು ಸರಿಸಮವಾಗಿದ್ದರೆ ಸರಾಸರಿ ವಕ್ರತೆ ಸೊನ್ನೆಯಾಗುತ್ತದೆ. ಸಮತಲವನ್ನು ಬಿಟ್ಟರೆ, ಕನಿಷ್ಠ ಮೇಲ್ಮೈಯು ಹೆಚ್ಚುಕಡಿಮೆ ತನ್ನ ಎಲ್ಲ ಬಿಂದುಗಳಲ್ಲಿಯೂ ಹೀಗೆ ಜೀನಿನ ಆಕಾರದಲ್ಲಿರುತ್ತದೆ.

ಸಾಬೂನಿನ ಪೊರೆ ಈ ನಿಯಮವನ್ನು ಪಾಲಿಸುವುದಕ್ಕೆ ಕಾರಣ ಮೇಲ್ಮೈ ಎಳೆತ. ಈ ಎಳೆತದಿಂದ ಪೊರೆಯು ತನ್ನ ವಿಸ್ತೀರ್ಣವನ್ನು ಆದಷ್ಟು ಕುಗ್ಗಿಸಿಕೊಳ್ಳುತ್ತದೆ. ಪೊರೆಯ ಎರಡು ಬದಿಗಳಲ್ಲಿ ಗಾಳಿಯ ಒತ್ತಡ ಸಮನಾಗಿದ್ದಾಗ, ಸರಾಸರಿ ವಕ್ರತೆ ಸೊನ್ನೆಯಾದ ಆಕಾರದಲ್ಲಿ ಮಾತ್ರ ಅದು ನಿಲ್ಲಬಲ್ಲದು. ಸಾಬೂನಿನ ಗುಳ್ಳೆಯ ಒಳಗೆ ಒತ್ತಡ ಹೆಚ್ಚಿರುವುದರಿಂದ ಅದು ಗೋಳಾಕಾರ ತಳೆಯುತ್ತದೆ. ಗುಳ್ಳೆ ಕನಿಷ್ಠ ಮೇಲ್ಮೈಯಲ್ಲ.

ಎರಡು ಬಳೆಗಳ ಪ್ರಯೋಗ

ಸಮತಲದ ನಂತರ ಗುರುತಿಸಲಾದ ಮೊದಲ ಕನಿಷ್ಠ ಮೇಲ್ಮೈ ಕೆಟಿನಾಯ್ಡ್. ಎರಡು ಕಂಬಗಳ ನಡುವೆ ಜೋತುಬಿದ್ದ ಸರಪಳಿ ತಳೆಯುವ ವಕ್ರರೇಖೆಯನ್ನು, ಅದರ ಕೆಳಗಿನ ಒಂದು ನಿರ್ದಿಷ್ಟ ಸಮತಲ ಅಕ್ಷದ ಸುತ್ತ ತಿರುಗಿಸಿದಾಗ ಕೆಟಿನಾಯ್ಡ್ ಉಂಟಾಗುತ್ತದೆ. ಪಾವಗಡದ ಸೌರ ಉದ್ಯಾನದಿಂದ ಹೊರಡುವ ವಿದ್ಯುತ್ ತಂತಿಗಳು ಗೋಪುರಗಳ ನಡುವೆ ತಳೆದಿರುವುದೂ ಇದೇ ರೇಖೆಯ ರೂಪವನ್ನು.

ಇದನ್ನು ಎರಡು ಬಳೆಗಳಿಂದ ತೋರಿಸಬಹುದು. ತಲಾ 3 ಸೆಂ.ಮೀ. ತ್ರಿಜ್ಯದ ಎರಡು ಬಳೆಗಳನ್ನು ಒಂದರ ಮೇಲೊಂದಿಟ್ಟು ಸಾಬೂನು ನೀರಿನಲ್ಲಿ ಅದ್ದಿ, ಮೆಲ್ಲನೆ ಬೇರ್ಪಡಿಸಬೇಕು. ಹಲವು ವೇಳೆ ನಡುವೆ ಒಂದು ವೃತ್ತಾಕಾರದ ಪೊರೆ ಉಳಿದುಕೊಳ್ಳುತ್ತದೆ; ಅದನ್ನು ಒಣ ಬೆರಳಿನಿಂದ ಒಡೆದರೆ, ನಡು ಸಣ್ಣಗಾದ ಡಮರುವಿನಂತಹ ಪೊರೆ ಬಳೆಗಳ ನಡುವೆ ನಿಲ್ಲುತ್ತದೆ. ಅದೇ ಕೆಟಿನಾಯ್ಡ್.

ಬಳೆಗಳ ನಡುವಣ ಅಂತರವೂ 3 ಸೆಂ.ಮೀ. ಆಗಿರುವಾಗ ವಿಸ್ತೀರ್ಣಗಳನ್ನು ಹೋಲಿಸಬಹುದು. ಬಳೆಗಳನ್ನು ನೇರವಾದ ಸಿಲಿಂಡರಿನಿಂದ ಜೋಡಿಸಿದರೆ ಅದರ ವಕ್ರ ಮೇಲ್ಮೈ ವಿಸ್ತೀರ್ಣ ಸುಮಾರು 56.5 ಚದರ ಸೆಂ.ಮೀ. ಎರಡು ಬಳೆಗಳನ್ನು ಎರಡು ಪ್ರತ್ಯೇಕ ವೃತ್ತಗಳಿಂದ ಮುಚ್ಚಿದರೂ ಒಟ್ಟು ವಿಸ್ತೀರ್ಣ ಅಷ್ಟೇ. ಕೆಟಿನಾಯ್ಡಿನ ವಿಸ್ತೀರ್ಣವಾದರೋ ಸುಮಾರು 53.9 ಚದರ ಸೆಂ.ಮೀ.; ಅದರ ನಡುವಿನ ತ್ರಿಜ್ಯ 2.55 ಸೆಂ.ಮೀ.ನಷ್ಟಿರುತ್ತದೆ. ಬಳೆಗಳನ್ನು ಇನ್ನಷ್ಟು ದೂರ ಸರಿಸಿದರೆ, ಸುಮಾರು 3.17 ಸೆಂ.ಮೀ. ಅಂತರದಲ್ಲಿ ಕೆಟಿನಾಯ್ಡಿನ ವಿಸ್ತೀರ್ಣ ಎರಡು ವೃತ್ತಗಳ ಒಟ್ಟು ವಿಸ್ತೀರ್ಣಕ್ಕೆ ಸಮನಾಗುತ್ತದೆ. ಅದನ್ನು ದಾಟಿದ ಮೇಲೆ ವೃತ್ತಗಳ ವಿಸ್ತೀರ್ಣವೇ ಕಡಿಮೆಯಾದರೂ ಪೊರೆ ಒಡನೆಯೇ ಒಡೆಯುವುದಿಲ್ಲ, ಸುಮಾರು 3.98 ಸೆಂ.ಮೀ.ವರೆಗೂ ಅದು ನಿಲ್ಲಬಲ್ಲದು. ಆ ಮಿತಿಯ ಆಚೆಗೆ ಎರಡು ಬಳೆಗಳನ್ನು ಜೋಡಿಸುವ ಕೆಟಿನಾಯ್ಡ್ ಗಣಿತದಲ್ಲಿಯೇ ಇಲ್ಲ. ಪೊರೆ ಕಳಚಿ ಎರಡು ಸಮತಲ ವೃತ್ತಗಳಾಗಿ ಒಡೆಯುತ್ತದೆ.

'ಕನಿಷ್ಠ' ಎಂಬ ಪದದ ಸರಿಯಾದ ಅರ್ಥ ಇದರಿಂದ ಸ್ಪಷ್ಟವಾಗುತ್ತದೆ. ಕನಿಷ್ಠ ಮೇಲ್ಮೈಯ ಯಾವುದೇ ಸಣ್ಣ ತುಣುಕು, ಅದೇ ಅಂಚುಳ್ಳ ಇತರ ತುಣುಕುಗಳಿಗಿಂತ ಕಡಿಮೆ ವಿಸ್ತೀರ್ಣದ್ದಾಗಿರುತ್ತದೆ. ಇಡೀ ಮೇಲ್ಮೈಯನ್ನು ಪರಿಗಣಿಸಿದಾಗ ಅದಕ್ಕಿಂತ ಕಡಿಮೆ ವಿಸ್ತೀರ್ಣದ ಬೇರೊಂದು ಆಕೃತಿ ಇರುವುದು ಸಾಧ್ಯ. ಈ ಕಾರಣದಿಂದಲೇ ವ್ಯಾಖ್ಯೆಯು ವಿಸ್ತೀರ್ಣವನ್ನಲ್ಲದೆ ವಕ್ರತೆಯನ್ನು ಆಧರಿಸಿದೆ.

ಇತಿಹಾಸ

ಕೆಟಿನಾಯ್ಡ್ ಅನ್ನು 1744ರಲ್ಲಿ ಲಿಯೊನಾರ್ಡ್ ಆಯ್ಲರ್ ವಿವರಿಸಿದರು. ಕೊಟ್ಟ ಅಂಚಿಗೆ ಕನಿಷ್ಠ ವಿಸ್ತೀರ್ಣದ ಮೇಲ್ಮೈಯನ್ನು ಕಂಡುಹಿಡಿಯುವ ಸಮಸ್ಯೆಗೆ ಲಗ್ರಾಂಜ್ 1762ರಲ್ಲಿ ಅವಕಲ ಸಮೀಕರಣವೊಂದನ್ನು ನೀಡಿದರು. ಆ ಸಮೀಕರಣದ ಅರ್ಥ ಸರಾಸರಿ ವಕ್ರತೆ ಸೊನ್ನೆಯಾಗುವುದು ಎಂಬುದನ್ನು 1776ರಲ್ಲಿ ಮ್ಯೂನಿಯೆ ತೋರಿಸಿದರು. ಸುರುಳಿ ಮೆಟ್ಟಿಲಿನಂತೆ ಏರುವ ಹೆಲಿಕಾಯ್ಡ್ ಕೂಡ ಕನಿಷ್ಠ ಮೇಲ್ಮೈ ಎಂಬುದು ಅವರ ಶೋಧ. ಮುಂದೆ 1830ರ ದಶಕದಲ್ಲಿ ಹೈನ್ರಿಖ್ ಷೆರ್ಕ್ ಹೊಸ ಉದಾಹರಣೆಗಳನ್ನು ಕಂಡುಹಿಡಿದರು.

ಬೆಲ್ಜಿಯಮ್ಮಿನ ಭೌತವಿಜ್ಞಾನಿ ಜೋಸೆಫ್ ಪ್ಲಾಟೊ ಸಾಬೂನಿನ ಪೊರೆಗಳ ಕುರಿತು ದೀರ್ಘಕಾಲ ಪ್ರಯೋಗ ನಡೆಸಿ 1873ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ನಡುವಯಸ್ಸಿನಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಅವರು ಇತರರ ಕಣ್ಣುಗಳ ನೆರವಿನಿಂದ ಈ ಪ್ರಯೋಗಗಳನ್ನು ಮುಂದುವರಿಸಿದ್ದರು. ಮೂರು ಪೊರೆಗಳು ಕೂಡುವಲ್ಲಿ ಅವುಗಳ ನಡುವಣ ಕೋನ ಸದಾ 120 ಡಿಗ್ರಿ ಇರುತ್ತದೆ ಎಂಬುದು ಅವರ ಅವಲೋಕನಗಳಲ್ಲಿ ಒಂದು. ಇದರ ಗಣಿತೀಯ ಸಾಧನೆಯನ್ನು ಜೀನ್ ಟೇಲರ್ 1976ರಲ್ಲಿ ನೀಡಿದರು. ಯಾವುದೇ ಮುಚ್ಚಿದ ಅಂಚಿಗೆ ಕನಿಷ್ಠ ಮೇಲ್ಮೈ ಇದ್ದೇ ಇರುತ್ತದೆಯೇ ಎಂಬ ಪ್ರಶ್ನೆಗೆ 'ಪ್ಲಾಟೊ ಸಮಸ್ಯೆ' ಎಂದೇ ಹೆಸರಾಯಿತು. 1930ರ ಸುಮಾರಿಗೆ ಟಿಬೊರ್ ರಾಡೊ ಮತ್ತು ಜೆಸ್ಸಿ ಡಗ್ಲಸ್ ಪ್ರತ್ಯೇಕವಾಗಿ ಇದನ್ನು ಬಿಡಿಸಿದರು. 1936ರಲ್ಲಿ ಮೊತ್ತಮೊದಲು ನೀಡಲಾದ ಎರಡು ಫೀಲ್ಡ್ಸ್ ಪದಕಗಳಲ್ಲಿ ಒಂದು ಡಗ್ಲಸ್ ಅವರಿಗೆ ಸಂದಿತು.

ಕಂಪ್ಯೂಟರ್ ಚಿತ್ರಗಳ ಪಾತ್ರ

ಬ್ರೆಜಿಲ್ ದೇಶದ ಸೆಲ್ಸೊ ಕೋಸ್ಟಾ 1982ರಲ್ಲಿ ಹೊಸ ಕನಿಷ್ಠ ಮೇಲ್ಮೈಯೊಂದರ ಸಮೀಕರಣವನ್ನು ನೀಡಿದರು. ಅದು ತನ್ನನ್ನು ತಾನೇ ಛೇದಿಸುತ್ತದೆಯೇ ಇಲ್ಲವೇ ಎಂಬುದು ಸಮೀಕರಣದಿಂದ ಒಡನೆ ತಿಳಿಯುವಂತಿರಲಿಲ್ಲ. ಡೇವಿಡ್ ಹಾಫ್ಮನ್ ಮತ್ತು ವಿಲಿಯಂ ಮೀಕ್ಸ್ ಅವರು ಜೇಮ್ಸ್ ಹಾಫ್ಮನ್ ರೂಪಿಸಿದ ತಂತ್ರಾಂಶದಿಂದ ಅದರ ಚಿತ್ರವನ್ನು ಪರದೆಯ ಮೇಲೆ ಮೂಡಿಸಿ ನೋಡಿದರು. ಚಿತ್ರದಲ್ಲಿ ಕಂಡ ಸಮಮಿತಿಯೇ ಸಾಧನೆಯ ಸುಳಿವಾಯಿತು. ಮೇಲ್ಮೈ ತನ್ನನ್ನು ಛೇದಿಸುವುದಿಲ್ಲವೆಂದು ಅವರು ಸಾಧಿಸಿದರು. ಅಲ್ಲಿಯವರೆಗೆ ಈ ವರ್ಗದಲ್ಲಿ ಸಮತಲ, ಕೆಟಿನಾಯ್ಡ್ ಮತ್ತು ಹೆಲಿಕಾಯ್ಡ್ ಎಂಬ ಮೂರು ಮಾತ್ರ ತಿಳಿದಿದ್ದವು. ಚಿತ್ರವು ಪಾಠದ ಅಲಂಕಾರವಾಗಿರದೆ ಸಂಶೋಧನೆಯ ಸಾಧನವೇ ಆದ ಪ್ರಸಂಗವಿದು. ಅನಂತರ ಇಂಡಿಯಾನಾ ವಿಶ್ವವಿದ್ಯಾಲಯದ ಮಥಿಯಾಸ್ ವೆಬರ್ ಮೊದಲಾದ ಸಂಶೋಧಕರು ಇಂತಹ ಮೇಲ್ಮೈಗಳ ಚಿತ್ರಸಂಗ್ರಹಗಳನ್ನು ಅಂತರಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿರಿಸಿದರು.

ಬೆಂಗಳೂರಿನ ಸಂಶೋಧನೆ

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರವು 2007ರಲ್ಲಿ ಸ್ಥಾಪನೆಯಾಯಿತು. ಇದರ ಆವರಣ ಬೆಂಗಳೂರಿನ ಉತ್ತರಕ್ಕೆ ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿದೆ. ಇಲ್ಲಿನ ಗಣಿತಜ್ಞೆ ರುಕ್ಮಿಣಿ ಡೇ ಅವರ ಸಂಶೋಧನಾ ಕ್ಷೇತ್ರಗಳಲ್ಲಿ ಕನಿಷ್ಠ ಮೇಲ್ಮೈಗಳೂ ಸೇರಿವೆ.

ಷೆರ್ಕ್ ಕಂಡುಹಿಡಿದ ಮೊದಲ ಮೇಲ್ಮೈಯಲ್ಲಿ ಪ್ರತಿ ಬಿಂದುವಿನ ಎತ್ತರವು ಎರಡು ಕೊಸೈನ್‌ಗಳ ಭಾಗಲಬ್ಧದ ಲಾಗರಿದಮ್ ಆಗಿರುತ್ತದೆ. ರಾಮಾನುಜನ್ ಅವರ ಒಂದು ಸೂತ್ರವು ಎರಡು ಕೊಸೈನ್‌ಗಳ ಭಾಗಲಬ್ಧವನ್ನು ಅಪರಿಮಿತ ಸಂಖ್ಯೆಯ ಅಪವರ್ತನಗಳ ಗುಣಲಬ್ಧವಾಗಿ ಬಿಡಿಸುತ್ತದೆ. ಲಾಗರಿದಮ್ ತೆಗೆದುಕೊಂಡರೆ ಗುಣಾಕಾರವು ಸಂಕಲನವಾಗಿ ಮಾರ್ಪಡುವುದರಿಂದ, ಮೇಲ್ಮೈಯ ಎತ್ತರವನ್ನು ಅನಂತ ಶ್ರೇಣಿಯಾಗಿ ಬರೆಯಲು ಸಾಧ್ಯವಾಗುತ್ತದೆ. ಡೇ ಅವರು ಇಂತಹ ಸೂತ್ರಗಳನ್ನು, ಕನಿಷ್ಠ ಮೇಲ್ಮೈಗಳನ್ನು ಸಮ್ಮಿಶ್ರ ಸಂಖ್ಯೆಗಳಿಂದ ವರ್ಣಿಸುವ ವಯರ್‌ಸ್ಟ್ರಾಸ್–ಎನ್ನೆಪರ್ ವಿಧಾನದೊಂದಿಗೆ ಸೇರಿಸಿ ಹೊಸ ನಿತ್ಯಸಮೀಕರಣಗಳನ್ನು ಪಡೆದರು. ಭೌತವಿಜ್ಞಾನದ ಬಾರ್ನ್–ಇನ್‌ಫೆಲ್ಡ್ ಸಾಲಿಟಾನ್ ಎಂಬ ಅಲೆಗಳಿಗೂ ಈ ವಿಧಾನ ವಿಸ್ತರಿಸಿತು. ಈ ಲೇಖನವು 2016ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಗಣಿತ ಪತ್ರಿಕೆಯಲ್ಲಿ ಪ್ರಕಟವಾಯಿತು. ರಾಹುಲ್ ಕುಮಾರ್ ಸಿಂಗ್ ಅವರೊಂದಿಗೆ ಡೇ ಇದೇ ವಿಚಾರವನ್ನು ಮುಂದುವರಿಸಿದ್ದಾರೆ.

ಅಂತರಜಾಲದಲ್ಲಿ ಮುಕ್ತ ಗಣಿತ

1991ರಲ್ಲಿ ಆರಂಭವಾದ ಆರ್ಕೈವ್ ಎಂಬ ಜಾಲ ಭಂಡಾರದಲ್ಲಿ ಗಣಿತದ ಸಂಶೋಧನಾ ಲೇಖನಗಳನ್ನು ಶುಲ್ಕವಿಲ್ಲದೆ ಓದಬಹುದು. ಶಿವಕೋಟೆಯ ಕೇಂದ್ರವು ತನ್ನ ಉಪನ್ಯಾಸಗಳ ದೃಶ್ಯಮುದ್ರಿಕೆಗಳನ್ನು ಯೂಟ್ಯೂಬ್‌ನಲ್ಲಿ ಪ್ರಕಟಿಸುತ್ತದೆ. ಭಾರತೀಯ ವಿಜ್ಞಾನ ಅಕಾಡೆಮಿಯು 1996ರಿಂದ ಹೊರತರುತ್ತಿರುವ 'ರೆಸೊನೆನ್ಸ್' ಎಂಬ ವಿಜ್ಞಾನ ಶಿಕ್ಷಣ ಪತ್ರಿಕೆಯ ಹಳೆಯ ಸಂಚಿಕೆಗಳು ಜಾಲತಾಣದಲ್ಲಿ ಉಚಿತ. ಬೆಂಗಳೂರಿನಿಂದ 2017ರಲ್ಲಿ ಆರಂಭವಾದ 'ಭಾವನಾ' ಎಂಬ ಗಣಿತ ತ್ರೈಮಾಸಿಕದ ಪ್ರಧಾನ ಸಂಪಾದಕರು ಸಿ. ಎಸ್. ಅರವಿಂದ. ಋಣ ವಕ್ರತೆಯ ಜ್ಯಾಮಿತಿಯಲ್ಲಿ ಸ್ವತಃ ಸಂಶೋಧಕರಾದ ಅವರು, ಗಣಿತಜ್ಞರೊಂದಿಗಿನ ದೀರ್ಘ ಸಂದರ್ಶನಗಳನ್ನು ಈ ಪತ್ರಿಕೆಯ ಮೂಲಕ ಸಾಮಾನ್ಯ ಓದುಗರಿಗೆ ತಲುಪಿಸುತ್ತಿದ್ದಾರೆ.

ಶಾಲಾ ಗಣಿತದೊಂದಿಗೆ ಸಂಬಂಧ

ತುಮಕೂರು ಕಂದಾಯ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇಲ್ಲಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು, ರಾಜ್ಯದ ಇತರೆಡೆಯಂತೆಯೇ, ಹತ್ತನೆಯ ತರಗತಿಯಲ್ಲಿ 'ಮೇಲ್ಮೈ ವಿಸ್ತೀರ್ಣಗಳು ಮತ್ತು ಘನಫಲಗಳು' ಎಂಬ ಅಧ್ಯಾಯವನ್ನು ಓದುತ್ತಾರೆ. ಸಿಲಿಂಡರ್, ಶಂಕು ಮತ್ತು ಗೋಳಗಳ ವಿಸ್ತೀರ್ಣವನ್ನು ಲೆಕ್ಕಹಾಕುವುದು ಆ ಅಧ್ಯಾಯದ ವಿಷಯ. ಮೇಲೆ ಹೇಳಿದ ಬಳೆಗಳ ಪ್ರಯೋಗದಲ್ಲಿ ಸಿಲಿಂಡರ್ ಮತ್ತು ವೃತ್ತಗಳ ಲೆಕ್ಕಕ್ಕೆ ಆ ಸೂತ್ರಗಳೇ ಸಾಕು. ಕೆಟಿನಾಯ್ಡಿನ ವಿಸ್ತೀರ್ಣಕ್ಕೆ ಮಾತ್ರ ಪದವಿಪೂರ್ವ ಹಂತದಲ್ಲಿ ಕಲಿಸುವ ಅನುಕಲನ ಬೇಕಾಗುತ್ತದೆ.

ಮಾರ್ಕಸ್ ಹೊಹೆನ್‌ವಾರ್ಟರ್ ರೂಪಿಸಿದ ಉಚಿತ ತಂತ್ರಾಂಶ ಜಿಯೊಜೆಬ್ರಾದಲ್ಲಿ ಇಂತಹ ಮೇಲ್ಮೈಗಳನ್ನು ಮೂರು ಆಯಾಮಗಳಲ್ಲಿ ರಚಿಸಿ, ತಿರುಗಿಸಿ ನೋಡಬಹುದು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆಯು ಶಿಕ್ಷಕರಿಗೆ ಈ ತಂತ್ರಾಂಶವನ್ನು ಪರಿಚಯಿಸಿದೆ. ಆದರೆ ಈ ಲೇಖನದಲ್ಲಿ ಹೆಸರಿಸಿದ ಪತ್ರಿಕೆಗಳು ಇಂಗ್ಲಿಷಿನಲ್ಲಿವೆ. ಶುಲ್ಕದ ಅಡ್ಡಿ ನೀಗಿದ್ದರೂ ಭಾಷೆಯ ಅಡ್ಡಿ ಕನ್ನಡದಲ್ಲಿಯೇ ಗಣಿತ ಕಲಿತ ವಿದ್ಯಾರ್ಥಿಗೆ ಉಳಿದುಕೊಂಡಿದೆ. ಸಮತಲ, ವಿಸ್ತೀರ್ಣ, ವಕ್ರತೆ, ಸಮಮಿತಿ ಮುಂತಾದ ಪದಗಳು ಕನ್ನಡ ಪಠ್ಯಗಳಲ್ಲಿ ಬಳಕೆಯಲ್ಲಿರುವುದರಿಂದ, ಕನಿಷ್ಠ ಮೇಲ್ಮೈಯ ಪ್ರಾಥಮಿಕ ವಿವರಣೆಗೆ ಬೇಕಾದ ಶಬ್ದಸಂಪತ್ತಿನ ಬಹುಭಾಗ ಕನ್ನಡದಲ್ಲಿ ಈಗಾಗಲೇ ಇದೆ. ಕೆಟಿನಾಯ್ಡ್, ಹೆಲಿಕಾಯ್ಡ್‌ಗಳಂತಹ ಅಂಕಿತನಾಮಗಳನ್ನು ಇದ್ದಂತೆಯೇ ಬಳಸಲಾಗುತ್ತದೆ.

ಉಪಯೋಗಗಳು

ಕಡಿಮೆ ಸಾಮಗ್ರಿಯಲ್ಲಿ ಹೆಚ್ಚು ಜಾಗವನ್ನು ಮುಚ್ಚುವ ಚಾವಣಿಗಳ ವಿನ್ಯಾಸದಲ್ಲಿ ಈ ತತ್ತ್ವ ನೆರವಾಗಿದೆ. ಸಾಬೂನಿನ ಪೊರೆಗಳ ಮಾದರಿಗಳನ್ನು ಅಭ್ಯಸಿಸಿದ್ದ ಜರ್ಮನಿಯ ವಾಸ್ತುಶಿಲ್ಪಿ ಫ್ರೈ ಒಟ್ಟೊ, 1972ರ ಮ್ಯೂನಿಕ್ ಒಲಿಂಪಿಕ್ಸ್ ಕ್ರೀಡಾಂಗಣದ ಚಾವಣಿಯ ವಿನ್ಯಾಸದಲ್ಲಿ ಪಾಲ್ಗೊಂಡಿದ್ದರು. ಅಲನ್ ಶೋಯೆನ್ 1970ರಲ್ಲಿ ವಿವರಿಸಿದ ಜೈರಾಯ್ಡ್ ಎಂಬ ಕನಿಷ್ಠ ಮೇಲ್ಮೈಯು ಮೂರು ದಿಕ್ಕುಗಳಲ್ಲಿಯೂ ಪುನರಾವರ್ತನೆಗೊಳ್ಳುತ್ತದೆ. ಕೆಲವು ಚಿಟ್ಟೆಗಳ ರೆಕ್ಕೆಯ ಹುರುಪೆಗಳಲ್ಲಿ ಇದೇ ವಿನ್ಯಾಸ ಕಂಡುಬಂದಿದ್ದು, ಅವುಗಳ ಹಸಿರು ಹೊಳಪಿಗೆ ಕಾರಣವಾಗಿದೆ. ಮೂರು ಆಯಾಮದ ಮುದ್ರಣದಲ್ಲಿ ಹಗುರವೂ ಗಟ್ಟಿಯೂ ಆದ ವಸ್ತುಗಳ ಒಳರಚನೆಗೆ ಜೈರಾಯ್ಡ್ ಅನ್ನು ಬಳಸುತ್ತಾರೆ.