ಶಾಸನದ ಮೌನ ಮತ್ತು ಕಾದಂಬರಿಯ ಒಲವು: ‘ಪೊನ್ನಿಯಿನ್ ಸೆಲ್ವನ್’ ಕುರಿತು

ಕಲ್ಕಿ ಕೃಷ್ಣಮೂರ್ತಿಯವರ (1899–1954) ತಮಿಳು ಐತಿಹಾಸಿಕ ಕಾದಂಬರಿ ‘ಪೊನ್ನಿಯಿನ್ ಸೆಲ್ವನ್’ 1950ರಿಂದ 1954ರವರೆಗೆ ‘ಕಲ್ಕಿ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಚೋಳ ಯುವರಾಜ ಎರಡನೆಯ ಆದಿತ್ಯ ಕರಿಕಾಲನ ಕೊಲೆ ಅದರ ಕಥಾಸರಣಿಯ ತಿರುವು.

ಈ ಕೊಲೆಗೆ ದೊರೆಯುವ ಪ್ರಮುಖ ಆಧಾರವೆಂದರೆ ಉಡೈಯಾರ್‌ಗುಡಿಯ ಅನಂತೀಶ್ವರ ದೇವಾಲಯದ ಶಾಸನ. ಒಂದನೆಯ ರಾಜರಾಜನ ಆಳ್ವಿಕೆಯ ಎರಡನೆಯ ವರ್ಷಕ್ಕೆ ಸೇರಿದ ಇದು, ಪಾಂಡ್ಯನ ತಲೆಗೊಂಡ ಕರಿಕಾಲನನ್ನು ಕೊಂದ ದ್ರೋಹಿಗಳೆಂದು ಸೋಮನ್, ರವಿದಾಸನ್, ಪರಮೇಶ್ವರನ್ ಮೊದಲಾದವರನ್ನು ಹೆಸರಿಸುತ್ತದೆ. ಅವರ ಹಾಗೂ ಬಂಧುಗಳ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಆಜ್ಞೆಯನ್ನು ತಿಳಿಸುತ್ತದೆ. ಕೊಲೆಯ ಕಾರಣವನ್ನು ಮಾತ್ರ ಹೇಳುವುದಿಲ್ಲ.

ಈ ಮೌನವನ್ನು ಕಲ್ಕಿಯವರು ನಂದಿನಿ ಎಂಬ ಕಲ್ಪಿತ ಪಾತ್ರದಿಂದ ತುಂಬಿದ್ದಾರೆ. ಎಳವೆಯಲ್ಲಿ ಒಲಿದು ಕಳೆದುಕೊಂಡ ಅವಳು ವೀರಪಾಂಡ್ಯನ ಪ್ರಾಣಭಿಕ್ಷೆ ಬೇಡಿದರೂ ಕರಿಕಾಲನು ಕೇಳದೆ ಅವನ ತಲೆ ಕಡಿಯುತ್ತಾನೆ. ಅಲ್ಲಿಂದ ಮೊದಲ ಪ್ರೇಮವೇ ಸೇಡಿನ ಮೂಲವಾಗುತ್ತದೆ. ಆದರೂ ಕೊಂದ ಕೈ ಯಾರದೆಂಬುದನ್ನು ಕಾದಂಬರಿಕಾರರು ಅಸ್ಪಷ್ಟವಾಗಿಯೇ ಉಳಿಸಿದ್ದಾರೆ.

ರವಿದಾಸನ್ ಮತ್ತು ಪರಮೇಶ್ವರನ್ ಇವರಿಗಿದ್ದ ‘ಬ್ರಹ್ಮಾಧಿರಾಜ’ ಎಂಬ ಬಿರುದು ಅವರು ಉನ್ನತಾಧಿಕಾರಿಗಳಾಗಿದ್ದರೆಂಬುದನ್ನು ಸೂಚಿಸುತ್ತದೆ. ಆದ್ದರಿಂದ ಕೊಲೆಯ ಕಾರಣವನ್ನು ಸಂಶೋಧಕನು ಅರಮನೆಯ ರಾಜಕಾರಣದಲ್ಲಿಯೇ ಅರಸಬೇಕಾಗುತ್ತದೆ. ಓದುಗರ ನೆನಪಿನಲ್ಲಿ ನಂದಿನಿ ಇತಿಹಾಸದ ವ್ಯಕ್ತಿಯೇ ಆಗಿಬಿಟ್ಟಿರುವುದು ಕಾದಂಬರಿಯ ಗೆಲುವು. ಶಾಸನ ಹೇಳದುದನ್ನು ಕಲ್ಪಿಸುವ ಹಕ್ಕು ಕಾದಂಬರಿಕಾರನಿಗಿದೆ; ಆ ಕಲ್ಪನೆಯನ್ನು ಆಧಾರವೆಂದು ಬಳಸುವ ಹಕ್ಕು ಚರಿತ್ರಕಾರನಿಗಿಲ್ಲ.