ಯಂತ್ರಕ್ಕೊಂದು ನಕ್ಷೆ: ಆರ್ಮ್ ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್ ನಡೆದುಬಂದ ದಾರಿ

ಕೃಷ್ಣರಾಜನಗರದಲ್ಲೋ ಪಿರಿಯಾಪಟ್ಟಣದಲ್ಲೋ ಓದುವ ಹುಡುಗನಿಗೆ, ಕರೆಂಟು ಹೋದರೂ ಸಂಜೆಯವರೆಗೆ ಬಾಳುವ ಲ್ಯಾಪ್‌ಟಾಪ್ ಬೇಕಿದ್ದರೆ ಆರ್ಮ್ ಪ್ರೊಸೆಸರಿನ ಯಂತ್ರ ಒಳ್ಳೆಯ ಆಯ್ಕೆ. ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ನಡೆಸುವುದೇ ಅದರ ಗುಣ. ಆದರೆ ಅದಕ್ಕೆ ಲಿನಕ್ಸ್ ಹಾಕುವುದು ಇಂಟೆಲ್ ಯಂತ್ರಕ್ಕೆ ಹಾಕಿದಷ್ಟು ಸಲೀಸಲ್ಲ. ಇಂಟೆಲ್ ಯಂತ್ರ ತನ್ನೊಳಗೆ ಏನೇನಿದೆಯೆಂದು ಬಹುಮಟ್ಟಿಗೆ ತಾನೇ ತಿಳಿಸುತ್ತದೆ. ಆರ್ಮ್ ಯಂತ್ರದಲ್ಲಿ ಪರದೆ, ಕೀಲಿಮಣೆ, ವೈಫೈ ಚಿಪ್ ಎಲ್ಲೆಲ್ಲಿ ಕೂತಿವೆಯೆಂದು ಯಾರಾದರೂ ಮೊದಲೇ ಬರೆದಿಟ್ಟಿರಬೇಕು. ಈ ಕ್ಷೇತ್ರದ ಚರಿತ್ರೆಯೆಂದರೆ ಹೆಚ್ಚುಕಡಿಮೆ ಆ ಬರವಣಿಗೆಯ ಚರಿತ್ರೆಯೇ.

1990ರ ದಶಕದ ನಡುವೆ ಇಂಗ್ಲೆಂಡಿನ ರಸೆಲ್ ಕಿಂಗ್ ಆರ್ಮ್ ಚಿಪ್ಪಿನ ಏಕಾರ್ನ್ ಕಂಪ್ಯೂಟರುಗಳಿಗೆ ಲಿನಕ್ಸನ್ನು ಒಗ್ಗಿಸಿದರು. 2000ದಲ್ಲಿ ಬಂದ ಡೆಬಿಯನ್ ಲಿನಕ್ಸಿನ 2.2ನೇ ಆವೃತ್ತಿ ಆರ್ಮ್ ಯಂತ್ರಗಳನ್ನೂ ಒಳಗೊಂಡಿತು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ, ನಾವು ಈಗ ಅಷ್ಟಾಗಿ ನೆನೆಯದ ಒಂದು ದೊಡ್ಡ ಪ್ರಯತ್ನ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಅದು. 2001ರಲ್ಲಿ ಅದರ ಮಾದರಿ ಹೊರಬಂತು. ಒಳಗಿದ್ದದ್ದು ಸ್ಟ್ರಾಂಗ್‌ಆರ್ಮ್ ಚಿಪ್, ಅದರ ಮೇಲೆ ಲಿನಕ್ಸ್. ಸ್ಮಾರ್ಟ್ ಕಾರ್ಡ್ ಹಾಕಿ ಒಂದೇ ಯಂತ್ರವನ್ನು ಊರಿನ ಹಲವರು ಬಳಸಬಹುದಿತ್ತು. ಅಕ್ಷರ ಬಾರದವರಿಗೆ ಕನ್ನಡದಲ್ಲಿ ಓದಿ ಹೇಳಬೇಕೆಂದು ‘ಧ್ವನಿ’ ತಂತ್ರಾಂಶವನ್ನೂ ಕಟ್ಟಿದ್ದರು. ಹೆಗ್ಗಡದೇವನಕೋಟೆಯ ಹಾಡಿಯಲ್ಲಿ ಕೂತವರನ್ನೂ ಲೆಕ್ಕಕ್ಕೆ ತೆಗೆದುಕೊಂಡ ಇಂಥ ಕಂಪ್ಯೂಟರ್ ಅಲ್ಲಿಯವರೆಗೆ ಎಷ್ಟಿದ್ದವು? 2004ರಲ್ಲಿ ಬಿಇಎಲ್ ಇದನ್ನು ಅಮಿಡಾ ಹೆಸರಿನಲ್ಲಿ ತಯಾರಿಸಿತು. ಮಾರಾಟ ಮಾತ್ರ ನಿರೀಕ್ಷೆ ಮುಟ್ಟಲಿಲ್ಲ. ಅದು ಲ್ಯಾಪ್‌ಟಾಪ್ ಅಲ್ಲ, ನಿಜ. ಆದರೂ ಆರ್ಮ್ ಮತ್ತು ಲಿನಕ್ಸ್ ಜೋಡಿಯನ್ನು ಜನಸಾಮಾನ್ಯರ ಕೈಗೆ ಕೊಡಲು ಹೊರಟ ಮೊದಲಿಗರ ಸಾಲಿನಲ್ಲಿ ಕನ್ನಡನಾಡು ಇತ್ತೆಂಬುದನ್ನು ಮರೆಯಬಾರದು.

ಆಗೆಲ್ಲ ಪ್ರತಿ ಬೋರ್ಡಿನ ವಿವರವೂ ಲಿನಕ್ಸಿನ ತಿರುಳಾದ ಕರ್ನಲ್ಲಿನ ಕೋಡಿನೊಳಗೇ ಸೇರಿರುತ್ತಿತ್ತು. ಫೋನುಗಳು ಹೆಚ್ಚಿದಂತೆ ಅದು ಬೆಟ್ಟದಷ್ಟಾಯಿತು. 2011ರಲ್ಲಿ ಲಿನಕ್ಸಿನ ಜನಕ ಲೀನಸ್ ಟೊರ್ವಾಲ್ಡ್ಸ್ ಆರ್ಮ್ ತಂಡದವರನ್ನು ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡರು. ಆ ವಿವರಗಳನ್ನು ಡಿವೈಸ್ ಟ್ರೀ ಎಂಬ ಪ್ರತ್ಯೇಕ ಕಡತಕ್ಕೆ ಸಾಗಿಸುವ ಕೆಲಸ ಚುರುಕಾದದ್ದು ಆಮೇಲೆ. 2012ರ ಡಿಸೆಂಬರಿನ ಲಿನಕ್ಸ್ 3.7ರಲ್ಲಿ ಒಂದೇ ಕರ್ನಲ್ ಹಲವು ಬಗೆಯ ಆರ್ಮ್ ಯಂತ್ರಗಳಲ್ಲಿ ನಡೆಯುವಂತಾಯಿತು. 64 ಬಿಟ್ ಆರ್ಮ್‌ಗೂ ಬೆಂಬಲ ಬಂತು. ಈ ಕ್ಷೇತ್ರದ ನಿಜವಾದ ತಿರುವು ಇದೇ ಎಂಬುದು ನನ್ನ ಎಣಿಕೆ.

ಆರ್ಮ್ ಚಿಪ್ಪಿನ ಕ್ರೋಮ್‌ಬುಕ್, ಪೈನ್‌ಬುಕ್ ಲ್ಯಾಪ್‌ಟಾಪ್‌ಗಳು ಹವ್ಯಾಸಿಗಳನ್ನು ತಲುಪಿದವು. 2020ರಲ್ಲಿ ಆಪಲ್ಲಿನ ಆರ್ಮ್ ಚಿಪ್ ಎಂ1 ಬಂದಾಗ ಕಂಪನಿ ಅದರ ವಿವರಗಳನ್ನು ಬಿಟ್ಟುಕೊಟ್ಟಿರಲಿಲ್ಲ. ಹೆಕ್ಟರ್ ಮಾರ್ಟಿನ್ ಮುಂದಾಳುತನದ ಅಸಾಹಿ ಲಿನಕ್ಸ್ ತಂಡ ಯಂತ್ರದ ನಡವಳಿಕೆಯನ್ನೇ ಗಮನಿಸಿ ಡ್ರೈವರುಗಳನ್ನು ಬರೆಯಿತು. 2022ರ ಲಿನಕ್ಸ್ 5.19ನ್ನು ಟೊರ್ವಾಲ್ಡ್ಸ್ ಬಿಡುಗಡೆ ಮಾಡಿದ್ದು ಅಸಾಹಿ ಹಾಕಿದ್ದ ಮ್ಯಾಕ್‌ಬುಕ್ಕಿನಿಂದಲೇ. ಎಂ1, ಎಂ2 ಯಂತ್ರಗಳಲ್ಲಿ ಅಸಾಹಿಯ ಸ್ಥಾಪನೆಯನ್ನು ಮ್ಯಾಕ್‌ಓಎಸ್ ಒಳಗಿಂದಲೇ ಶುರುಮಾಡಬೇಕು. ಮ್ಯಾಕ್‌ಓಎಸ್ ಕೂಡ ಪಕ್ಕದಲ್ಲಿ ಉಳಿಯುತ್ತದೆ.

2024ರ ಸ್ನಾಪ್‌ಡ್ರಾಗನ್ ಎಕ್ಸ್ ಲ್ಯಾಪ್‌ಟಾಪ್‌ಗಳಲ್ಲಿ ತೊಡಕು ಬೇರೆ. ಪಿಸಿಯಂತೆ ಯಂತ್ರವನ್ನು ಶುರುಮಾಡುವ ಯುಇಎಫ್‌ಐ ಫರ್ಮ್‌ವೇರ್ ಇದ್ದರೂ ಲಿನಕ್ಸಿಗೆ ಆಯಾ ಮಾದರಿಯದೇ ಡಿವೈಸ್ ಟ್ರೀ ಬೇಕು. ಒಂದೇ ಚಿಪ್ಪಿನ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಒಂದರ ಟಚ್‌ಪ್ಯಾಡ್ ನಡೆದು ಇನ್ನೊಂದರದು ಸುಮ್ಮನಿರಬಹುದು. ಕೆಲವು ಫರ್ಮ್‌ವೇರ್ ಕಡತಗಳನ್ನು ಅದರಲ್ಲಿರುವ ವಿಂಡೋಸಿನಿಂದಲೇ ತೆಗೆದುಕೊಳ್ಳಬೇಕಾಗುತ್ತದೆ, ಅದಕ್ಕೆಂದೇ ಉಬುಂಟು ಒಂದು ಸಾಧನ ಕೊಟ್ಟಿದೆ. ಹಾಗಾಗಿ ವಿಂಡೋಸನ್ನು ಮೊದಲೇ ಅಳಿಸಬೇಡಿ. ಚಿಪ್ಪಿನ ಹೆಸರನ್ನಲ್ಲ, ಲ್ಯಾಪ್‌ಟಾಪಿನ ಪೂರ್ತಿ ಮಾದರಿ ಹೆಸರನ್ನು ಕರ್ನಲ್ಲಿನ ಡಿವೈಸ್ ಟ್ರೀ ಪಟ್ಟಿಯಲ್ಲಿ ಹುಡುಕಿ, ಸಿಕ್ಕರಷ್ಟೇ ಕೊಳ್ಳಿ. ಕೆಟ್ಟರೆ ರಿಪೇರಿಗೆ ಮೈಸೂರಿನ ಬಸ್ಸು ಹತ್ತಬೇಕಾದ ನಮ್ಮ ಕಡೆಯವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಕನ್ನಡದ ಬಗ್ಗೆ ಅಳುಕು ಬೇಡ: ಗುಬ್ಬಿ, ನವಿಲು ಫಾಂಟುಗಳ ಡೆಬಿಯನ್ ಪ್ಯಾಕೇಜುಗಳು ಯಾವ ಪ್ರೊಸೆಸರಿನಲ್ಲಾದರೂ ಇದ್ದ ಹಾಗೇ ಕೂರುತ್ತವೆ.