ಮುಗಿಯದ ಸೂತಕ

ರಿಚರ್ಡ್ಸ್ ಟೌನಿನ ನೆರಳು ತುಂಬಿದ ಬೀದಿಗಳಲ್ಲಿ ನಡೆಯುವವನಿಗೆ ಯುದ್ಧದ ಸ್ಮರಣೆ ಸುಲಭವಾಗಿ ಬಾರದು. 1898ರ ಪ್ಲೇಗಿನ ಹಾವಳಿಯ ತರುವಾಯ ಬೆಂಗಳೂರು ದಂಡು ಈಶಾನ್ಯದತ್ತ ವಿಸ್ತರಿಸಿದಾಗ ರೂಪುಗೊಂಡು, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಕಲೆಕ್ಟರಾಗಿದ್ದ ಎಫ್. ಜೆ. ರಿಚರ್ಡ್ಸ್ ಅವರ ನಾಮಧೇಯವನ್ನು ಧರಿಸಿದ ಈ ಬಡಾವಣೆ ಕೇವಲ ಗೃಹಸ್ಥರ ನೆಲೆಯೆಂದೇ ತೋರುತ್ತದೆ. ಆದರೆ 1809ರಲ್ಲಿ ಸೈನ್ಯದ ಸಲುವಾಗಿಯೇ ಹುಟ್ಟಿದ ಈ ದಂಡು ಪ್ರದೇಶದಲ್ಲಿ, ಆ ಸೈನ್ಯಕ್ಕೆ ಆಳನ್ನೋ, ಅನ್ನವನ್ನೋ, ಬಟ್ಟೆಯನ್ನೋ ಒದಗಿಸದ ಮನೆತನಗಳು ವಿರಳವಾಗಿದ್ದುವು.

ಪ್ರಭುತ್ವವು ತನ್ನ ಸಮರಗಳನ್ನು ಮರೆಯಲಿಲ್ಲ. 1803ರ ಅಸ್ಸಾಯೆ, 1843ರ ಮಿಯಾನಿ ಕಾಳಗಗಳು ಹಲಸೂರು ಕೆರೆಯ ಆಸುಪಾಸಿನ ರಸ್ತೆಗಳಿಗೆ ಹೆಸರಾದುವು. ಬ್ರಿಗೇಡ್ ರಸ್ತೆಯು ರೆಸಿಡೆನ್ಸಿ ರಸ್ತೆಯನ್ನು ಕೂಡುವಲ್ಲಿ ಮಡಿದ ಪಯೋನಿಯರ್ ಯೋಧರ ಸ್ಮಾರಕವೆದ್ದಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಸೈನ್ಯದಲ್ಲಿದ್ದ ಮೈಸೂರು ಲ್ಯಾನ್ಸರ್ಸ್ ದಳದವರ ಸ್ಮರಣೆಗೆ ಈಗಿನ ಜೆ.ಸಿ. ನಗರದಲ್ಲಿ ಸ್ತಂಭ ನಿಂತಿತು. ಆದರೆ ಸ್ಮಾರಕದ ಲೆಕ್ಕಕ್ಕೆ ಸಲ್ಲುವವರು ಮಡಿದವರು ಮಾತ್ರ. ಮರಳಿ ಬಂದು ನಡುರಾತ್ರಿಯಲ್ಲಿ ಬೆಚ್ಚಿ ಏಳುತ್ತಿದ್ದವನು ಆ ಲೆಕ್ಕಕ್ಕೆ ಸೇರಲಿಲ್ಲ. ಹಾಗೆಯೇ, ಸತ್ತನೆಂದೂ ಬದುಕಿರುವನೆಂದೂ ಹೇಳಲಾಗದವನೂ ಸೇರಲಿಲ್ಲ.

ಈ ಎರಡನೆಯ ಬಗೆಯ ದುಃಖವೇ ಹೆಚ್ಚು ದೀರ್ಘಾಯುಷಿಯಾದದ್ದು. 1942ರ ಫೆಬ್ರವರಿ 15ರಂದು ಸಿಂಗಾಪುರವು ಪತನವಾದಾಗ 40,000ಕ್ಕೂ ಮಿಕ್ಕ ಭಾರತೀಯ ಸೈನಿಕರು ಜಪಾನೀಯರ ಸೆರೆಯಾದರು. ಅವರಲ್ಲಿ ಅನೇಕರ ಮನೆಗಳಿಗೆ ಯುದ್ಧ ಮುಗಿಯುವವರೆಗೆ ಖಚಿತವಾದ ಸುದ್ದಿಯೇ ತಲುಪಲಿಲ್ಲ. 'ಕಾಣೆಯಾಗಿದ್ದಾರೆ' ಎಂಬ ಒಕ್ಕಣೆಯ ಮುಂದೆ ದಂಡಿನ ಮೂರು ಧರ್ಮಗಳೂ ಸಮನಾಗಿ ನಿರುಪಾಯವಾದುವು: ಹಿಂದೂ ಮನೆಯವರು ತಿಥಿಯನ್ನು ಗೊತ್ತುಮಾಡಲಾರರು, ಮುಸಲ್ಮಾನ ಗೃಹಿಣಿ ವಿಧವೆಯ ಕಾಯುವ ಅವಧಿಯಾದ ಇದ್ದತ್ತನ್ನು ಆರಂಭಿಸಲಾರಳು, ಕ್ರೈಸ್ತ ತಾಯಿ ಮಗನ ಆತ್ಮಶಾಂತಿಗಾಗಿ ಪೂಜೆ ಹೇಳಿಸಲಾರಳು. ಶೋಕಕ್ಕೊಂದು ಅವಧಿಯನ್ನು ಕಟ್ಟಿ, ಅದು ತೀರಿದ ಮೇಲೆ ಬದುಕಿದವರನ್ನು ಮತ್ತೆ ಲೋಕವ್ಯವಹಾರಕ್ಕೆ ಒಪ್ಪಿಸುವುದೇ ಸೂತಕದ ವಿವೇಕ. ಆರಂಭವೇ ಆಗದ ಸೂತಕ ಮುಗಿಯುವುದಾದರೂ ಹೇಗೆ?

ಅಂತಹ ಮನೆಯಲ್ಲಿ ಬೆಳೆದ ಮಗುವಿಗೆ ಯುದ್ಧದ ಕಥೆಯನ್ನು ಯಾರೂ ಹೇಳಬೇಕಾಗಿಲ್ಲ. ಯಾವ ಹೆಸರನ್ನೆತ್ತಿದರೆ ಅಜ್ಜಿ ಎದ್ದು ಒಳಗೆ ಹೋಗುವಳು, ಮಗ ಸಂಜೆ ತಡವಾಗಿ ಬಂದರೆ ತಂದೆಯ ಸಿಟ್ಟು ಏಕೆ ಮಿತಿಮೀರುವುದು ಎಂಬುದನ್ನು ಅದು ಕಾರಣವರಿಯದೆಯೇ ಕಲಿಯುತ್ತದೆ. ತಾನು ಗೃಹಸ್ಥನಾದಾಗ ಆ ನಡವಳಿಕೆಯನ್ನೇ ಮುಂದಕ್ಕೆ ದಾಟಿಸುತ್ತದೆ. 1966ರಲ್ಲಿ ಕೆನಡಾದ ಮನೋವೈದ್ಯ ವಿವಿಯನ್ ರಾಕಾಫ್, ನಾಜಿ ಶಿಬಿರಗಳಿಂದ ಪಾರಾದವರ ಮಕ್ಕಳಲ್ಲಿ ಇಂತಹುದೇ ಪರಂಪರಾಗತ ವೇದನೆಯನ್ನು ಗುರುತಿಸಿ ಬರೆದರು.

1947ರ ಜುಲೈ 26ರಂದು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನು ಮೈಸೂರು ಸಂಸ್ಥಾನಕ್ಕೆ ಮರಳಿತಾದರೂ ಹಲಸೂರಿನ ಮದ್ರಾಸ್ ಸ್ಯಾಪರ್ಸ್ ನೆಲೆ ಕದಲಲಿಲ್ಲ, ಯುದ್ಧಗಳೂ ನಿಲ್ಲಲಿಲ್ಲ. 1971ರ ಯುದ್ಧದ ತರುವಾಯ ಮರಳದೆ ಉಳಿದ 54 ಮಂದಿಯ ಪಟ್ಟಿಯನ್ನು ಭಾರತ ಸರಕಾರ ಇಂದಿಗೂ ಪಾಕಿಸ್ತಾನದ ಮುಂದಿಡುತ್ತಿದೆ. ದೇಶದ ಅಷ್ಟು ಮನೆಗಳಲ್ಲಿ ಅದೇ ನಿರೀಕ್ಷೆ. ಆದುದರಿಂದ ದಂಡಿನ ಚರಿತ್ರೆಯನ್ನು ಬರೆಯಹೊರಟವರು ರೆಜಿಮೆಂಟುಗಳ ದಿನಚರಿಯನ್ನು ಓದಿ ತೃಪ್ತರಾಗತಕ್ಕದ್ದಲ್ಲ; ಪಿಂಚಣಿಯ ಕಾಗದಗಳನ್ನೂ ಅದಕ್ಕಾಗಿ ಅಲೆದ ಹೆಂಗಸರ ಅರ್ಜಿಗಳನ್ನೂ ಸಮಾನ ಪ್ರಮಾಣಗಳೆಂದು ಎಣಿಸಿ, ಬದುಕಿ ಉಳಿದವರು ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ತರಬೇಕು.